ಕರೆಯದೆ ಬಂದ ಗಾಳಿ

ಹಳೆಯ ಕಾರಿಗೆ ದೊಡ್ಡ ರಿಪೇರಿ ಮಾಡಿಸಿದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ತುಂಬ ಸಾಮಾನ್ಯವಾದದ್ದು ಐಡ್ಲಿಂಗ್ ಏರುವುದು. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೊಸದು ಹಾಕಿದರು. ಟೈಮಿಂಗ್ ಬೆಲ್ಟಿನ ಜೊತೆ ವಾಟರ್ ಪಂಪೂ ಬದಲಾಯಿತು. ಕೈ ಹಾಕಿದ್ದಾಯಿತಲ್ಲ ಎಂದು ಥ್ರಾಟಲ್ ಬಾಡಿಯನ್ನೂ ಕಳಚಿ ತೊಳೆದರು. ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಆದರೆ ಅದರ ಸದ್ದು ಇಳಿಯುವುದಿಲ್ಲ. ಕಾಲು ಎಕ್ಸಲರೇಟರ್ ಮೇಲಿಲ್ಲ, ಗೇರು ನ್ಯೂಟ್ರಲ್‌ನಲ್ಲಿದೆ, ಎಸಿ ಆಫ್ ಆಗಿದೆ. ನಿಮಿಷಕ್ಕೆ 800ರಿಂದ 900 ಸುತ್ತು ತಿರುಗಬೇಕಾದ ಎಂಜಿನ್ 1,500, 1,800 ಎಂದು ಮೊರೆಯುತ್ತಿರುತ್ತದೆ. 'ಎರಡು ದಿನ ಓಡಿಸಿ ಸಾರ್, ಸೆಟ್ ಆಗುತ್ತೆ' ಎಂದು ಹೇಳಿ ಗ್ಯಾರೇಜಿನವರು ಕಳಿಸಿಕೊಡುತ್ತಾರೆ. ಈ ಮಾತು ಕೆಲವೊಮ್ಮೆ ನಿಜವೇ. ಯಾವಾಗ ನಿಜ, ಯಾವಾಗ ಅಲ್ಲ ಎಂಬುದನ್ನು ಮುಂದೆ ನೋಡೋಣ.

ಎರಡು ದಿನ ಕಳೆದರೂ ಸೆಟ್ ಆಗದಿದ್ದರೆ 'ಬದಲಿಸಿ ನೋಡೋಣ' ಶುರುವಾಗುತ್ತದೆ. ಮೊದಲು ಐಡಲ್ ವಾಲ್ವ್, ಆಮೇಲೆ ಥ್ರಾಟಲ್ ಪೊಸಿಷನ್ ಸೆನ್ಸರ್, ಅದೂ ಆಗಲಿಲ್ಲವೆಂದರೆ ಮ್ಯಾಪ್ ಸೆನ್ಸರ್. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬೇಕು, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಗೆ ಹೋಗಬೇಕು. ಸಾವಿರಗಟ್ಟಲೆ ಖರ್ಚಾಗುತ್ತದೆ, ಐಡ್ಲಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ. ರಿಪೇರಿಯ ಬೆನ್ನಿಗೇ ಏರಿದ ಐಡ್ಲಿಂಗಿಗೆ ಹೊಸ ಭಾಗ ಬೇಕಾಗುವುದು ಅಪರೂಪ ಎಂಬುದು ನನ್ನ ಗಟ್ಟಿ ನಂಬಿಕೆ. ನಿನ್ನೆಯವರೆಗೆ ಸರಿಯಿದ್ದ ಮೂರು ಸೆನ್ಸರ್‌ಗಳು ಗ್ಯಾರೇಜಿನ ಶೆಡ್ಡಿನಲ್ಲಿ ನಿಂತಲ್ಲೇ ಸಾಯುವುದಿಲ್ಲ. ಕೆಲಸದ ವೇಳೆ ಕೈ ಎಲ್ಲೆಲ್ಲಿ ಆಡಿದೆಯೋ ತಪ್ಪು ಅಲ್ಲೇ ಎಲ್ಲೋ ಇರುತ್ತದೆ. ಅದನ್ನು ಹುಡುಕಲು ಒಂದು ಪ್ರಶ್ನೆ ಸಾಕು: ಈ ಹೆಚ್ಚಿನ ಗಾಳಿ ಎಲ್ಲಿಂದ ಬರುತ್ತಿದೆ?

ಗಾಳಿ ಎನ್ನುವುದಕ್ಕೆ ಕಾರಣವಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಾವು ಎಕ್ಸಲರೇಟರ್ ಒತ್ತಿದಾಗ ತೆರೆಯುವುದು ಪೆಟ್ರೋಲಿನ ನಲ್ಲಿಯಲ್ಲ, ಗಾಳಿಯ ಬಾಗಿಲು. ಥ್ರಾಟಲ್ ಬಾಡಿಯೊಳಗಿನ ಹಿತ್ತಾಳೆಯ ತಟ್ಟೆ ಓರೆಯಾಗುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಎಷ್ಟು ಗಾಳಿ ಬಂತು ಎಂದು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. ಕಾಲು ತೆಗೆದಾಗ ತಟ್ಟೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ ಆರಿಹೋಗದಂತೆ ಪಕ್ಕದ ಒಂದು ಸಣ್ಣ ಕಾಲುವೆಯಿಂದ ಒಂದಿಷ್ಟು ಗಾಳಿ ಹರಿಯುತ್ತದೆ. ಆ ಕಾಲುವೆಯ ತೂಬೇ ಐಡಲ್ ವಾಲ್ವ್. ಎಂಜಿನ್ ತಣ್ಣಗಿದ್ದರೆ, ಎಸಿ ಹಾಕಿದರೆ, ಹೆಡ್‌ಲೈಟ್ ಹೊತ್ತಿಸಿದರೆ ಇಸಿಯು ಆ ತೂಬನ್ನು ತುಸು ಎತ್ತುತ್ತದೆ, ಬೇಡವಾದಾಗ ಇಳಿಸುತ್ತದೆ. 1998ರಲ್ಲಿ ಬಂದ ಸ್ಯಾಂಟ್ರೋ, 2000ದ ಸುಮಾರಿಗೆ ಕಾರ್ಬ್ಯುರೇಟರ್ ಬಿಟ್ಟು ಎಂಪಿಎಫ್‌ಐ ಆದ ಮಾರುತಿ 800 ಮತ್ತು ಝೆನ್, ಅವುಗಳ ಓರಗೆಯ ಉಳಿದ ಕಾರುಗಳೆಲ್ಲ ಸ್ಥೂಲವಾಗಿ ನಡೆಯುವುದು ಹೀಗೆಯೇ.

ಹಾಗಾದರೆ ಐಡ್ಲಿಂಗ್ ಏರಿದೆಯೆಂದರೆ ಎರಡರಲ್ಲಿ ಒಂದು ನಡೆದಿದೆ. ಇಸಿಯು ತಾನೇ ಕೇಳಿ ಹೆಚ್ಚು ಗಾಳಿ ತರಿಸಿಕೊಳ್ಳುತ್ತಿರಬೇಕು, ಇಲ್ಲವೇ ಅದಕ್ಕೆ ತಿಳಿಯದ ದಾರಿಯಿಂದ ಗಾಳಿ ಒಳಗೆ ಬರುತ್ತಿರಬೇಕು. ಕರೆದು ಬಂದ ಗಾಳಿ, ಕರೆಯದೆ ಬಂದ ಗಾಳಿ. ಇವೆರಡನ್ನು ಬೇರ್ಪಡಿಸದೆ ಮುಂದಿನ ಯಾವ ಕೆಲಸಕ್ಕೂ ಕೈಹಾಕಬಾರದು. ಮುಕ್ಕಾಲು ಪಾಲು ದುಡ್ಡು ಪೋಲಾಗುವುದು ಈ ಹಂತವನ್ನು ಹಾರಿಬಿಡುವುದರಿಂದಲೇ.

ಬೇರ್ಪಡಿಸುವುದು ಕಷ್ಟವಲ್ಲ. ಕಾರಿಗೆ ಹೊಂದುವ ಸ್ಕ್ಯಾನರ್ ಇದ್ದರೆ ಎಂಜಿನ್ ಬಿಸಿಯಾದ ಮೇಲೆ ಐಡಲ್ ವಾಲ್ವ್ ಎಷ್ಟು ತೆರೆದಿದೆ ಎಂಬ ಅಂಕಿಯನ್ನು ನೋಡಬೇಕು. ಸುತ್ತು 1,600 ಇದ್ದು ವಾಲ್ವಿನ ಅಂಕಿ ಸೊನ್ನೆಯ ಹತ್ತಿರ ಇದ್ದರೆ ಇಸಿಯು ತನ್ನ ತೂಬನ್ನು ಸಾಧ್ಯವಾದಷ್ಟೂ ಮುಚ್ಚಿಕೊಂಡು ಕೂತಿದೆ ಎಂದರ್ಥ. ಗಾಳಿ ಬರುತ್ತಿರುವುದು ಬೇರೆಲ್ಲಿಂದಲೋ. ಅಂಕಿ ದೊಡ್ಡದಿದ್ದರೆ ಇಸಿಯುವೇ ಕೇಳುತ್ತಿದೆ, ಯಾಕೆ ಕೇಳುತ್ತಿದೆ ಎಂದು ವಿಚಾರಿಸಬೇಕು. ಸ್ಕ್ಯಾನರ್ ಇಲ್ಲದಿದ್ದರೆ ಬೆರಳೇ ಸಾಕು. ಏರ್ ಫಿಲ್ಟರಿನಿಂದ ಬರುವ ರಬ್ಬರ್ ಪೈಪ್ ಬಿಚ್ಚಿ, ಥ್ರಾಟಲ್ ತಟ್ಟೆಯ ಮುಂದಿರುವ ಐಡಲ್ ಗಾಳಿಯ ತೂತಿಗೆ ಬೆರಳು ಒತ್ತಿ ಹಿಡಿಯಬೇಕು. ಆರೋಗ್ಯವಾಗಿರುವ ಎಂಜಿನ್ ಉಸಿರುಗಟ್ಟಿದಂತಾಗಿ ಆರಿಹೋಗುತ್ತದೆ, ಇಲ್ಲವೇ ಆರುವ ಹಂತಕ್ಕೆ ಬರುತ್ತದೆ. ತೂತು ಮುಚ್ಚಿದರೂ ಎಂಜಿನ್ ಜೋರಾಗಿಯೇ ಓಡುತ್ತಿದ್ದರೆ ಹೊಸ ಐಡಲ್ ವಾಲ್ವ್ ಕೊಳ್ಳುವ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಕರೆಯದೆ ಬರುವ ಗಾಳಿಯ ಪ್ರಮಾಣ ಎಷ್ಟಿದ್ದರೆ ಸಾಕು ಎಂಬುದರ ಅಂದಾಜು ಅನೇಕರಿಗಿಲ್ಲ. ಒಂದು ಲೀಟರಿನ ಎಂಜಿನ್ ಐಡ್ಲಿಂಗಿನಲ್ಲಿ ಎಳೆದುಕೊಳ್ಳುವುದು ಸೆಕೆಂಡಿಗೆ ಸುಮಾರು 2 ಗ್ರಾಂ ಗಾಳಿ. ಥ್ರಾಟಲಿನಿಂದ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನೊಳಗಿನ ಒತ್ತಡ ಆಗ ಹೊರಗಿನದರ ಅರ್ಧಕ್ಕಿಂತಲೂ ಕಡಿಮೆ ಇರುತ್ತದೆ, ಹಾಗಾಗಿ ಸಿಕ್ಕಿದ ಸಂದಿಯಲ್ಲೆಲ್ಲ ಗಾಳಿ ಶಬ್ದದ ವೇಗದಲ್ಲಿ ನುಗ್ಗುತ್ತದೆ. 3 ಮಿಲಿಮೀಟರಿನ ಒಂದೇ ಒಂದು ತೂತು ಸೆಕೆಂಡಿಗೆ ಒಂದು ಗ್ರಾಂಗೂ ಹೆಚ್ಚು ಗಾಳಿಯನ್ನು ಒಳಗೆ ಬಿಡಬಲ್ಲದು. ಎಂಜಿನ್ನಿನ ಇಡೀ ಐಡ್ಲಿಂಗ್ ಆಹಾರದ ಅರ್ಧ ಅದು. ಕಿರುಬೆರಳಿನ ದಪ್ಪದ ಒಂದು ಪೈಪನ್ನು ಮರಳಿ ಸಿಕ್ಕಿಸಲು ಮರೆತರೆ ಏನಾದೀತು ಎಂದು ಇದರಿಂದಲೇ ಊಹಿಸಬಹುದು. ದಾರಿಯಲ್ಲಿ ಓಡಿಸುವಾಗ ಮಾತ್ರ ಈ ಸೋರಿಕೆ ಗೊತ್ತೇ ಆಗುವುದಿಲ್ಲ. ಥ್ರಾಟಲ್ ತೆರೆದಂತೆ ಒಳಗಿನ ನಿರ್ವಾತ ಕುಗ್ಗುತ್ತದೆ, ಬರುವ ದೊಡ್ಡ ಗಾಳಿಯ ಮುಂದೆ ಈ ಕಳ್ಳಗಾಳಿ ಲೆಕ್ಕಕ್ಕಿಲ್ಲ. 'ಗಾಡಿ ಚೆನ್ನಾಗೇ ಓಡ್ತಿದೆ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ರೇಸ್ ಆಗುತ್ತೆ' ಎಂದು ಮಾಲೀಕರು ಹೇಳುವುದು ಅದಕ್ಕೇ. ಆ ಮಾತೇ ಅರ್ಧ ಉತ್ತರ.

ಹುಡುಕಬೇಕಾದ ಜಾಗಗಳು ರಿಪೇರಿಯ ಜೊತೆಗೇ ಬದಲಾಗುತ್ತವೆ. ಹೆಡ್ ಇಳಿಸಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಬಿಚ್ಚಿರಲೇಬೇಕು. ಅಲ್ಲಿನ ಹಳೆಯ ಪ್ಯಾಕಿಂಗನ್ನು ಹ್ಯಾಕ್ಸಾ ಬ್ಲೇಡಿನಿಂದ ಕೆರೆಯುವುದು ನಮ್ಮಲ್ಲಿ ರೂಢಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಂದು ಗೀರು ಬಿದ್ದರೆ ಹೊಸ ಪ್ಯಾಕಿಂಗಿನಿಂದಲೂ ಅದು ಮುಚ್ಚುವುದಿಲ್ಲ. ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಬೇಕು. ಒಂದು ತುದಿಯಿಂದ ಶುರುಮಾಡಿ ಒಂದೇ ಸಲಕ್ಕೆ ಬಿಗಿದರೆ ಇನ್ನೊಂದು ತುದಿ ಕೂದಲೆಳೆಯಷ್ಟು ಎದ್ದಿರುತ್ತದೆ. ಇಂಜೆಕ್ಟರ್ ತೆಗೆದಿದ್ದರೆ ಅವುಗಳ ಬುಡದ ರಬ್ಬರ್ ರಿಂಗುಗಳನ್ನು ನೋಡಬೇಕು. ಥ್ರಾಟಲ್ ಬಾಡಿ ಕಳಚಿದ್ದರೆ ಅದರ ಪ್ಯಾಕಿಂಗ್ ಅದೇ ಮಾದರಿಯದೇ, ತೂತುಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವವು ರಬ್ಬರ್ ಪೈಪುಗಳು. ಹದಿನೈದು ಇಪ್ಪತ್ತು ವರ್ಷ ಎಂಜಿನ್ನಿನ ಶಾಖಕ್ಕೆ ಬೆಂದ ಪೈಪು ಮುಟ್ಟದೆ ಬಿಟ್ಟರೆ ಇನ್ನೂ ಕೆಲವು ವರ್ಷ ಹಾಗೇ ಇರುತ್ತದೆ. ಎಳೆದು ತೆಗೆದು ಮತ್ತೆ ಸಿಕ್ಕಿಸಿದ ಕೂಡಲೇ ತುದಿ ಸೀಳುತ್ತದೆ. ಸೀಳು ಬಹಳಷ್ಟು ಸಲ ಕೆಳಬದಿಯಲ್ಲಿರುತ್ತದೆ, ಮೇಲಿನಿಂದ ನೋಡಿದರೆ ಪೈಪು ಭದ್ರವಾಗಿ ಕೂತಂತೆಯೇ ಕಾಣುತ್ತದೆ. ಮೆಕ್ಯಾನಿಕ್ ತಪ್ಪು ಮಾಡಿಲ್ಲ, ಹೊಸ ಭಾಗವೂ ಸರಿಯಾಗಿದೆ, ಆದರೂ ರಿಪೇರಿಯೇ ತೊಂದರೆಗೆ ಕಾರಣವಾಗಿದೆ. ಉದ್ದ ಸಾಲುವಂತಿದ್ದರೆ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಸಾಲದಿದ್ದರೆ ಮೀಟರ್ ಲೆಕ್ಕದಲ್ಲಿ ಸಿಗುವ, ಪೆಟ್ರೋಲ್ ಆವಿಗೂ ಶಾಖಕ್ಕೂ ತಡೆಯುವ ಪೈಪನ್ನು ತರಬೇಕು.

ಯಾವ ಪೈಪು ಸೋರುತ್ತಿದೆ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗ ಮೆತ್ತನೆ ಬಾಯಿಯ ಇಕ್ಕಳದಿಂದ ಒಂದೊಂದನ್ನೇ ಮ್ಯಾನಿಫೋಲ್ಡಿನ ಹತ್ತಿರ ಅದುಮಿ ಹಿಡಿಯಬೇಕು. ಯಾವುದನ್ನು ಹಿಡಿದಾಗ ಸುತ್ತು ದಡಕ್ಕನೆ ಇಳಿಯುತ್ತದೋ ಆ ಪೈಪಿನ ಆಚೆ ಬದಿಯಲ್ಲಿ ಎಲ್ಲೋ ದಾರಿ ಇದೆ. ಕ್ರ್ಯಾಂಕ್‌ಕೇಸಿನಿಂದ ಬರುವ ಪಿಸಿವಿ ಪೈಪು ಸ್ವಲ್ಪ ಗಾಳಿಯನ್ನು ಸಹಜವಾಗಿಯೇ ತರುತ್ತದೆ, ಅದನ್ನು ಅದುಮಿದಾಗ ಚೂರು ಇಳಿದರೆ ಗಾಬರಿ ಬೇಡ. ಜೋಡಣೆಗಳ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸದ್ದು ಬದಲಾಗುತ್ತದೆಯೇ ಎಂದು ಕೇಳುವ ವಿಧಾನವನ್ನು ಬಹಳ ಮಂದಿ ಬಳಸುತ್ತಾರೆ. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇರುವಾಗ ಅದು ಬೆಂಕಿಗೆ ಆಹ್ವಾನ. ಗಿಡಕ್ಕೆ ಸಿಂಪಡಿಸುವ ಬಾಟಲಿಯಿಂದ, ವೈರಿಂಗಿಗೆ ತಾಗದಂತೆ, ಮಂಜಿನ ಹಾಗೆ ನೀರು ಸಿಂಪಡಿಸಿದರೂ ಸೋರುವ ಜಾಗ ಒಂದು ಕ್ಷಣ ಮುಚ್ಚಿಕೊಂಡು ಸದ್ದು ಬದಲಾಗುತ್ತದೆ. ಸ್ಮೋಕ್ ಟೆಸ್ಟ್ ಯಂತ್ರ ಇರುವ ಗ್ಯಾರೇಜು ಸಿಕ್ಕರೆ ಇನ್ನೂ ಒಳ್ಳೆಯದು. ಹೊಗೆ ಎಲ್ಲಿ ಹೊರಬಂತೋ ಅಲ್ಲಿ ಬೆರಳಿಟ್ಟು ತೋರಿಸಬಹುದು.

ಈ ಪೈಪುಗಳಲ್ಲಿ ಒಂದನ್ನು ಮಾತ್ರ ಉಳಿದವುಗಳ ಸಾಲಿಗೆ ಸೇರಿಸಬಾರದು. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪು ಸೋರಿದರೆ ಐಡ್ಲಿಂಗ್ ಏರುವುದರ ಜೊತೆಗೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಇದೇ ಆಗಬೇಕು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಬೇಕು. ಪೆಡಲ್ ಕಾಲಿನಡಿ ತುಸು ಕೆಳಗಿಳಿದರೆ ಬೂಸ್ಟರಿಗೆ ನಿರ್ವಾತ ಸಿಗುತ್ತಿದೆ. ಇಳಿಯದಿದ್ದರೆ ಐಡ್ಲಿಂಗಿನ ಚಿಂತೆಯನ್ನು ಬದಿಗಿಟ್ಟು ಬ್ರೇಕ್ ಸರಿಮಾಡಿಸುವವರೆಗೆ ಕಾರನ್ನು ರಸ್ತೆಗಿಳಿಸಬಾರದು.

ಕೆಲವು ಕಾರುಗಳು ಒಂದೇ ಮಟ್ಟದಲ್ಲಿ ಮೊರೆಯುವುದಿಲ್ಲ. ವ್ರೂಂ ಎಂದು 1,800ಕ್ಕೆ ಏರುತ್ತವೆ, 1,100ಕ್ಕೆ ಬೀಳುತ್ತವೆ, ಮತ್ತೆ ಏರುತ್ತವೆ, ತಾಳ ತಪ್ಪದೆ. ಇದನ್ನು ಕಂಡು ಇಸಿಯು ಕೆಟ್ಟಿದೆ ಎಂದು ತೀರ್ಪು ಕೊಡುವವರಿದ್ದಾರೆ. ವಾಸ್ತವದಲ್ಲಿ ಇಸಿಯು ತನಗೆ ಕಲಿಸಿದ್ದನ್ನೇ ಮಾಡುತ್ತಿದೆ. ಥ್ರಾಟಲ್ ಮುಚ್ಚಿದೆ, ಸುತ್ತು ಮಾತ್ರ ಜಾಸ್ತಿಯಿದೆ ಎಂದರೆ ಕಾರು ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯುತ್ತಿದೆ ಎಂದುಕೊಂಡು ಅದು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಸುತ್ತು ಬಿದ್ದಾಗ ಎಂಜಿನ್ ಆರಿಹೋದೀತೆಂದು ಮತ್ತೆ ಬಿಡುತ್ತದೆ. ಗಾಳಿ ಒಂದೇ ಸಮನೆ ಹೆಚ್ಚಿರುವುದರಿಂದ ಸುತ್ತು ಮತ್ತೆ ಏರುತ್ತದೆ. ಈ ಉಯ್ಯಾಲೆ ಕಂಡರೆ ದೊಡ್ಡ ಸೋರಿಕೆಯೊಂದನ್ನು ಹುಡುಕಬೇಕು. ಇಸಿಯು ಬಿಚ್ಚಬೇಕಾಗಿಲ್ಲ.

ಇನ್ನು ಇಸಿಯು ತಾನೇ ಕೇಳಿ ತರಿಸಿಕೊಳ್ಳುವ ಗಾಳಿಯ ವಿಚಾರ. ಎಂಜಿನ್ ತಣ್ಣಗಿದೆ ಎಂದು ಅದು ನಂಬಿದ್ದರೆ ಐಡ್ಲಿಂಗ್ ಏರಿಸುವುದು ಅದರ ಕರ್ತವ್ಯ. ಡಿಸೆಂಬರಿನ ಬೆಳಗಿನ ಜಾವ ಸ್ಟಾರ್ಟ್ ಮಾಡಿದ ಕಾರು 1,300, 1,400ರಲ್ಲಿ ಓಡಿ ಕೆಲವು ನಿಮಿಷಗಳಲ್ಲಿ ತಾನಾಗಿಯೇ ಇಳಿದರೆ ಅದು ತೊಂದರೆಯೇ ಅಲ್ಲ. ಬಿಸಿಯಾದ ಮೇಲೂ ಇಳಿಯದಿದ್ದರೆ ಇಸಿಯುಗೆ ಶಾಖದ ಸುದ್ದಿ ತಲುಪುತ್ತಿಲ್ಲ. ಕೂಲೆಂಟ್ ಸೆನ್ಸರಿನ ಕನೆಕ್ಟರ್ ಸರಿಯಾಗಿ ಕೂತಿರಲಿಕ್ಕಿಲ್ಲ, ಅಥವಾ ಬೇರೆ ಮಾದರಿಯ ಸೆನ್ಸರ್ ಬಿದ್ದಿರಬಹುದು. ಸಾಮಾನ್ಯವಾಗಿ ಈ ಸೆನ್ಸರಿನ ರೋಧ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ಒಂದು ಮಲ್ಟಿಮೀಟರ್, ಒಂದು ಲೋಟ ಬಿಸಿನೀರು ಇದ್ದರೆ ಹೊಸದನ್ನು ಕೊಳ್ಳುವ ಮೊದಲೇ ಉತ್ತರ ಸಿಗುತ್ತದೆ.

ವಾಟರ್ ಪಂಪ್, ರೇಡಿಯೇಟರ್, ಹೆಡ್, ಹೀಗೆ ನೀರು ಖಾಲಿ ಮಾಡಿದ ಯಾವ ಕೆಲಸದ ನಂತರವೂ ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಸೆನ್ಸರ್ ಆ ಗುಳ್ಳೆಯಲ್ಲಿ ಕೂತಿದ್ದರೆ ಅದು ಹೇಳುವುದು ನೀರಿನ ಶಾಖವನ್ನಲ್ಲ. ಹಳೆಯ ಜಪಾನಿ ವಿನ್ಯಾಸದ ಅನೇಕ ಕಾರುಗಳಲ್ಲಿ ಐಡ್ಲಿಂಗ್ ಏರಿಸಲು ಮೇಣ ತುಂಬಿದ ಪ್ರತ್ಯೇಕ ವಾಲ್ವ್ ಒಂದಿರುತ್ತದೆ. ಬಿಸಿ ಕೂಲೆಂಟ್ ಹರಿದು ಮೇಣ ಕರಗಿ ಉಬ್ಬಿದಾಗ ಅದು ಗಾಳಿಯ ದಾರಿ ಮುಚ್ಚುತ್ತದೆ. ಗುಳ್ಳೆಯಿಂದಾಗಿ ಅಲ್ಲಿಗೆ ಬಿಸಿ ತಲುಪದಿದ್ದರೆ ದಾರಿ ತೆರೆದೇ ಇರುತ್ತದೆ. ಇದಕ್ಕೆ ಭಾಗ ಬದಲಿಸುವುದೇನೂ ಬೇಡ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಕಾರಿನ ಮೂತಿ ಮೇಲಿರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ತಿರುಗತೊಡಗುವವರೆಗೆ ಓಡಿಸುತ್ತ ಕೂಲೆಂಟ್ ತುಂಬುತ್ತಿದ್ದರೆ ಗುಳ್ಳೆ ಹೊರಬರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಮಾತ್ರ ಯಾವ ಕಾರಣಕ್ಕೂ ಕೈಹಾಕಬಾರದು.

ನನಗೆ ನಿಜಕ್ಕೂ ಬೇಸರ ತರಿಸುವುದು ಥರ್ಮೋಸ್ಟಾಟಿನ ವಿಚಾರ. ಎಂಜಿನ್ ಕಾಯುತ್ತದೆ ಎಂದು ದೂರಿದರೆ ಅದನ್ನು ಕಿತ್ತುಹಾಕಿ 'ನಮ್ಮ ಸೆಕೆಗೆ ಇದು ಬೇಕಿಲ್ಲ' ಎನ್ನುವ ಪದ್ಧತಿ ಬೀದರಿನಿಂದ ಚಾಮರಾಜನಗರದವರೆಗೆ ಇದೆ. ಸುಮಾರು 82ರಿಂದ 88 ಡಿಗ್ರಿಯವರೆಗೆ ನೀರನ್ನು ತಡೆದು ಎಂಜಿನ್ನನ್ನು ಬೇಗ ಹದಕ್ಕೆ ತರುವುದು ಅದರ ಕೆಲಸ. ಅದಿಲ್ಲದ ಕಾರು ಹೆದ್ದಾರಿಯಲ್ಲಿ ಗಾಳಿಗೆ ಓಡುವಾಗ ಹದಕ್ಕೆ ಬರುವುದೇ ಇಲ್ಲ. ಇಸಿಯು ತಣ್ಣನೆ ಎಂಜಿನ್ನಿಗೆ ಬೇಕಾದ ಹೆಚ್ಚಿನ ಗಾಳಿ, ಹೆಚ್ಚಿನ ಪೆಟ್ರೋಲ್ ಕೊಡುತ್ತಲೇ ಹೋಗುತ್ತದೆ. ಐಡ್ಲಿಂಗ್ ಏರುತ್ತದೆ, ಮೈಲೇಜ್ ಬೀಳುತ್ತದೆ, ಹೊಗೆ ತಪಾಸಣೆಯಲ್ಲಿ ಕಾರು ಫೇಲಾಗುತ್ತದೆ. ಕಾಯುತ್ತಿದ್ದ ಮೂಲ ಕಾರಣ, ಅಂದರೆ ಕಟ್ಟಿಕೊಂಡ ರೇಡಿಯೇಟರೋ ಸತ್ತ ಫ್ಯಾನೋ, ಹಾಗೇ ಉಳಿದಿರುತ್ತದೆ.

ಈಗ 'ಎರಡು ದಿನ ಓಡಿಸಿ' ಎಂಬ ಮಾತಿಗೆ ಬರೋಣ. ವರ್ಷಗಳಿಂದ ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಮಸಿ ಕೂತಿರುತ್ತದೆ. ಆ ಮಸಿ ತಡೆದಷ್ಟು ಗಾಳಿಯನ್ನು ಸರಿದೂಗಿಸಲು ಇಸಿಯು ವಾಲ್ವನ್ನು ನಿಧಾನವಾಗಿ ಹೆಚ್ಚು ತೆರೆಯಲು ಕಲಿತಿರುತ್ತದೆ. ಒಂದು ದಿನ ಮಸಿಯನ್ನು ಪೂರ್ತಿ ತೊಳೆದರೆ ತಟ್ಟೆ ಹೊಸದರಂತಾಯಿತು, ಇಸಿಯುವಿನ ನೆನಪು ಮಾತ್ರ ಹಳೆಯದು. ಹಾಗಾಗಿ ಐಡ್ಲಿಂಗ್ ಏರುತ್ತದೆ. ಬ್ಯಾಟರಿ ತೆಗೆದು ಹಾಕಿದಾಗಲೂ ಹೀಗಾಗುವುದುಂಟು. ಇಂಥ ಸಂದರ್ಭದಲ್ಲಿ ಒಂದಷ್ಟು ಓಡಿಸಿದರೆ, ಅಥವಾ ಆ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳುವ ಕ್ರಮದಲ್ಲಿ ಐಡಲ್ ಮರುಕಲಿಕೆ ಮಾಡಿಸಿದರೆ ತಾನಾಗಿ ಸರಿಹೋಗುತ್ತದೆ. ಸೀಳಿದ ಪೈಪು, ಎದ್ದ ಪ್ಯಾಕಿಂಗು, ಎಳೆದು ಕಟ್ಟಿದ ಎಕ್ಸಲರೇಟರ್ ವೈರು ಎರಡು ದಿನದಲ್ಲಲ್ಲ, ಎರಡು ವರ್ಷದಲ್ಲೂ ಸರಿಹೋಗುವುದಿಲ್ಲ. ವೈರಿನ ವಿಚಾರದಲ್ಲಿ, ಅದಕ್ಕೆ ಕೆಲವು ಮಿಲಿಮೀಟರ್ ಸಡಿಲ ಇರಲೇಬೇಕು. ಬಾನೆಟ್ ತೆಗೆದು ಥ್ರಾಟಲ್ ಸನ್ನೆಯನ್ನು ಕೈಯಿಂದ ಹಿಂದಕ್ಕೆ ಒತ್ತಿದಾಗ ಸುತ್ತು ಇಳಿದರೆ ಹುಡುಕಾಟ ಅರ್ಧ ನಿಮಿಷದಲ್ಲಿ ಮುಗಿದಂತೆ.

ಕಾರಣ ಸಿಗದಾಗ ಕೈ ಹೋಗುವುದು ಥ್ರಾಟಲ್ ತಟ್ಟೆಯ ಸ್ಟಾಪ್ ಸ್ಕ್ರೂ ಕಡೆಗೆ. ತಟ್ಟೆ ಕೊಳವೆಯ ಗೋಡೆಗೆ ಕಚ್ಚಿಕೊಳ್ಳದಂತೆ ಕಾರ್ಖಾನೆಯಲ್ಲಿ ಅಳೆದು, ಬಣ್ಣ ಬಳಿದು ಮುದ್ರೆ ಹಾಕಿದ ತಿರುಪು ಅದು. ಐಡ್ಲಿಂಗ್ ಹೊಂದಿಸಲು ಇಟ್ಟದ್ದಲ್ಲ. ಅದನ್ನು ತಿರುಗಿಸಿದರೆ ಥ್ರಾಟಲ್ ಮುಚ್ಚಿದೆ ಎಂದು ಸೆನ್ಸರ್ ಹೇಳುವ ಅಂಕಿಯೇ ಬದಲಾಗುತ್ತದೆ, ಇಸಿಯು ಐಡ್ಲಿಂಗ್ ನಿಯಂತ್ರಣವನ್ನೇ ಕೈಬಿಡಬಹುದು. ಆಮೇಲೆ ಬರುವ ಮೆಕ್ಯಾನಿಕ್ ಒಂದರ ಬದಲು ಎರಡು ತಪ್ಪು ಹುಡುಕಬೇಕಾಗುತ್ತದೆ. ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಐಡಲ್ ಸ್ಕ್ರೂ ತಿರುಗಿಸುವುದೇ ಸರಿಯಾದ ವಿಧಾನವಾಗಿತ್ತು, ಆ ಅಭ್ಯಾಸ ಇವತ್ತಿಗೂ ಕೈಯಲ್ಲಿ ಉಳಿದಿದೆ. ಅಲ್ಲೂ ಮೊದಲು ನೋಡಬೇಕಾದದ್ದು ಚೋಕ್ ಪೂರ್ತಿ ಹಿಂದಕ್ಕೆ ಬಂದಿದೆಯೇ, ಕಾರ್ಬ್ಯುರೇಟರಿನ ಬುಡದ ಇನ್ಸುಲೇಟರ್ ಶಾಖಕ್ಕೆ ಸೊಟ್ಟಗಾಗಿದೆಯೇ ಎಂಬುದನ್ನು. ಡಿಸ್ಟ್ರಿಬ್ಯೂಟರ್ ಇರುವ ಕಾರಾದರೆ ಇಗ್ನಿಷನ್ ಟೈಮಿಂಗ್ ಮುಂದಕ್ಕೆ ಸರಿದಿದ್ದರೂ ಐಡ್ಲಿಂಗ್ ಏರುತ್ತದೆ. ಗಾಳಿಯ ಲೆಕ್ಕಕ್ಕೆ ಸೇರದ ಮುಖ್ಯ ಕಾರಣ ಇದೊಂದೇ.

ಪುಸ್ತಕ ನೋಡಿ ಕೆಲಸ ಮಾಡುವ ಶ್ರದ್ಧಾವಂತರನ್ನೂ ದಾರಿ ತಪ್ಪಿಸುವ ಒಂದು ಸಂಗತಿ ನಮ್ಮ ನೆಲದ ಎತ್ತರ. ವ್ಯಾಕ್ಯೂಮ್ ಗೇಜ್ ಹಾಕಿದರೆ ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿ 18ರಿಂದ 21 ಇಂಚು ಪಾದರಸದಷ್ಟು ನಿರ್ವಾತ ತೋರಿಸಬೇಕು ಎಂದು ಪುಸ್ತಕ ಹೇಳುತ್ತದೆ. ಅದು ಸಮುದ್ರಮಟ್ಟದ ಮಾತು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ಬೆಂಗಳೂರು ಇರುವುದು ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ. ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಘಾಟಿ ಹತ್ತಿ ಇಲ್ಲಿಗೆ ಬಂದರೆ 16 ತೋರಿಸುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಅದನ್ನು ಸೋರಿಕೆ ಎಂದು ಭ್ರಮಿಸಿ ಮ್ಯಾನಿಫೋಲ್ಡ್ ಬಿಚ್ಚಿದರೆ ವ್ಯರ್ಥ. ಇದೇ ತಿಳಿವಳಿಕೆಯಿಂದ ಮ್ಯಾಪ್ ಸೆನ್ಸರನ್ನೂ ಪುಕ್ಕಟೆಯಾಗಿ ಪರೀಕ್ಷಿಸಬಹುದು. ಕೀಲಿ ಆನ್, ಎಂಜಿನ್ ಆಫ್ ಇರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ಹೇಳಬೇಕು: ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್, ಬೆಂಗಳೂರಿನಲ್ಲಿ 91ರ ಸುಮಾರು. ಅಷ್ಟು ಹೇಳಿ, ಸ್ಟಾರ್ಟ್ ಮಾಡಿದಾಗ ಸಲೀಸಾಗಿ ಇಳಿದರೆ ಆ ಸೆನ್ಸರ್ ಬದಲಿಸಲು ಬಹುಮಟ್ಟಿಗೆ ಕಾರಣವಿಲ್ಲ.

ಚೆಕ್ ಎಂಜಿನ್ ದೀಪ ಹೊತ್ತಿಲ್ಲ, ಹಾಗಾಗಿ ದೋಷವಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಅಳೆಯುತ್ತದೆ. ಕಳ್ಳದಾರಿಯಿಂದ ಬಂದ ಗಾಳಿಯೂ ಆ ಲೆಕ್ಕಕ್ಕೆ ಸಿಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲೂ ಸಿಗುತ್ತದೆ. ಎಂಜಿನ್ ನಯವಾಗಿಯೇ, ಆದರೆ ಜೋರಾಗಿ ಓಡುತ್ತದೆ, ದೀಪ ಹೊತ್ತುವುದಿಲ್ಲ. ಗಾಳಿಯನ್ನು ಥ್ರಾಟಲಿಗಿಂತ ಮುಂಚೆಯೇ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಹಾಗಲ್ಲ. ಆಮೇಲೆ ಸೇರಿದ ಗಾಳಿ ಲೆಕ್ಕಕ್ಕೆ ಬಾರದೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕುಂಟುತ್ತದೆ, ಇಸಿಯು ಪೆಟ್ರೋಲನ್ನು ಎಷ್ಟು ತಿದ್ದುತ್ತಿದೆ ಎಂದು ಹೇಳುವ ಫ್ಯುಯೆಲ್ ಟ್ರಿಮ್ ಅಂಕಿ ಐಡ್ಲಿಂಗಿನಲ್ಲಿ ಏರಿ 2,500 ಸುತ್ತಿನಲ್ಲಿ ಸಹಜಕ್ಕೆ ಬರುತ್ತದೆ. ನಿಮ್ಮ ಕಾರಿನಲ್ಲಿರುವುದು ಯಾವುದು ಎಂದು ಗೊತ್ತಿರಬೇಕು. ಸ್ಕ್ಯಾನರ್ ಸೇರದ ಕೆಲವು ಹಳೆಯ ಮಾರುತಿಗಳಲ್ಲಿ ಡಯಾಗ್ನೋಸಿಸ್ ಕನೆಕ್ಟರಿನ ನಿಗದಿತ ಎರಡು ಪಿನ್ನುಗಳನ್ನು ಜೋಡಿಸಿದರೆ ಅದೇ ದೀಪ ಮಿಣುಕಿ ಸಂಖ್ಯೆ ಹೇಳುತ್ತದೆ. ಒಂದು ಮಿಣುಕು, ತುಸು ಬಿಡುವು, ಮತ್ತೆರಡು ಮಿಣುಕು, ಅಂದರೆ 12 ಬಂದರೆ ದೋಷ ದಾಖಲಾಗಿಲ್ಲ ಎಂದಷ್ಟೇ ಅರ್ಥ.

ಇಷ್ಟೆಲ್ಲ ಪರೀಕ್ಷೆಗೆ ಹೆಚ್ಚೆಂದರೆ ಒಂದೆರಡು ಗಂಟೆ ಬೇಕು. ಆ ಎರಡು ಗಂಟೆಗೆ ದುಡ್ಡು ಕೊಡಲು ನಾವು ಒಪ್ಪುವುದಿಲ್ಲ. 'ಏನೂ ಹಾಕಿಲ್ಲ, ನೋಡಿದ್ದಕ್ಕೆ ಯಾಕೆ ಕೊಡಬೇಕು' ಎನ್ನುತ್ತೇವೆ. ನಾಲ್ಕು ಸಾವಿರದ ಸೆನ್ಸರಿನ ಬಿಲ್ಲನ್ನು ಮಾತ್ರ ಮರುಮಾತಿಲ್ಲದೆ ಕಟ್ಟುತ್ತೇವೆ. ಭಾಗ ಮಾರಿದರಷ್ಟೇ ಹೊಟ್ಟೆ ತುಂಬುವ ಕಡೆ ಮೆಕ್ಯಾನಿಕ್ ಭಾಗವನ್ನೇ ಬದಲಿಸುತ್ತಾನೆ, ಅದರಲ್ಲಿ ಅವನನ್ನು ದೂರುವಂಥದ್ದೇನಿಲ್ಲ. ಮುಂದಿನ ಸಲ ಕಾರು ಬಿಡುವಾಗ ಪತ್ತೆಹಚ್ಚುವ ಕೂಲಿಯನ್ನು ಬೇರೆಯಾಗಿ ಮಾತಾಡಿ, ಮೊದಲೇ ಒಪ್ಪಿಕೊಳ್ಳಿ. ಕಳೆದ ಕೆಲಸದಲ್ಲಿ ಏನೇನು ಬಿಚ್ಚಿದ್ದರು ಎಂಬ ಪಟ್ಟಿ ಬರೆದುಕೊಂಡು ಹೋಗಿ. ತೊಂದರೆ ಬಿಸಿಯಲ್ಲೋ ತಣ್ಣಗಿದ್ದಾಗಲೋ, ಎಸಿ ಹಾಕಿದಾಗಲೋ ಬಿಟ್ಟಾಗಲೋ ಎಂದು ತಿಳಿಸಿ. ಬದಲಿಸಿದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಹಾಕಿಸಿಕೊಳ್ಳಿ. ಹಳೆಯದನ್ನು ಮತ್ತೆ ಹಾಕಿ ನೋಡಿದರೆ, ಹೊಸದು ಬೇಕಿತ್ತೇ ಇಲ್ಲವೇ ಎಂಬುದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ.